ಕೈಯಲ್ಲಿರುವ ಪೆಟ್ಟಿಗೆಗೆ ಯಾವ ಬ್ಯಾಟರಿ?

ಕಲಾ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಬ್ಯಾಟರಿಯ ಮಾತೇಕೆಂದು ಅಧ್ಯಾಪಕರಲ್ಲಿ ಕೆಲವರಾದರೂ ಹುಬ್ಬೇರಿಸದೆ ಇರಲಾರರು. ಹಳಗನ್ನಡವನ್ನೂ ಬೇಡಿಕೆ ಪೂರೈಕೆಗಳ ನಿಯಮವನ್ನೂ ಓದುವ ನಮಗೆ ನಿಕ್ಕಲ್ಲು, ಲಿಥಿಯಮ್ಮುಗಳ ಗೊಡವೆ ಏತಕ್ಕೆ? ಅದೆಲ್ಲ ವಿಜ್ಞಾನ ಓದುವವರ ಪಾಲಿನದಲ್ಲವೆ? ಹೀಗೆ ಕೇಳುವವರಿಗೆ ನನ್ನ ಉತ್ತರ ಸುಲಭವಾದುದು. ಎನ್.ಸಿ.ಸಿ. ವಾಯುದಳದ ತರಬೇತಿಯಲ್ಲಿ ಮಾದರಿ ವಿಮಾನಗಳ ರಚನೆಯೂ ಹಾರಾಟವೂ ಸೇರಿದೆ. ಅಲ್ಲಿ ರುಚಿ ಹತ್ತಿಸಿಕೊಂಡು ಭಾನುವಾರ ಬೆಳಗ್ಗೆ ಊರ ಹೊರಗಿನ ಮೈದಾನದಲ್ಲಿ ವಿಮಾನ ಹಾರಿಸುವ ನಮ್ಮ ಗೆಳೆಯರಲ್ಲಿ ಬಿ.ಎ. ತರಗತಿಯವರೇ ಹೆಚ್ಚು. ಈ ಹವ್ಯಾಸವು ಹಿಡಿಯುವಾಗ ಯಾರು ಯಾವ ವಿಷಯ ಓದುವವರೆಂದು ನೋಡುವುದಿಲ್ಲ. ವಿಮಾನವು ತಲೆಯ ಮೇಲೆ ಬೀಳುವಾಗಲೂ ಅದನ್ನು ನೋಡುವುದಿಲ್ಲ.

ವಿಷಯ ತಿಳಿಯದವರಿಗಾಗಿ ಎರಡು ಮಾತು. ರೇಡಿಯೊ ಅಲೆಗಳಿಂದ ನಡೆಸುವ ಆಟದ ವಿಮಾನಕ್ಕಾಗಲಿ, ದೋಣಿಗಾಗಲಿ, ಕಾರಿಗಾಗಲಿ ಎರಡು ಅಂಗಗಳುಂಟು. ನೆಲದ ಮೇಲೆ ನಿಂತವನ ಕೈಯಲ್ಲಿ ಎರಡು ಕಡ್ಡಿಗಳುಳ್ಳ ಒಂದು ಪೆಟ್ಟಿಗೆ ಇರುತ್ತದೆ. ಪಠ್ಯಪುಸ್ತಕಗಳು ಇದನ್ನು ಪ್ರೇಷಕವೆನ್ನುತ್ತವೆ, ಹುಡುಗರು ರಿಮೋಟು ಎನ್ನುತ್ತಾರೆ. ಮೇಲೆ ಹಾರುವ ವಿಮಾನದೊಳಗೆ ಒಂದು ಗ್ರಾಹಕ ಇರುತ್ತದೆ. ಪೆಟ್ಟಿಗೆ ಹೇಳಿದ್ದನ್ನು ಗ್ರಾಹಕ ಕೇಳಿಸಿಕೊಂಡು, ಚಿಕ್ಕ ಚಿಕ್ಕ ಸರ್ವೋ ಮೋಟಾರುಗಳಿಂದ ರೆಕ್ಕೆಯನ್ನೋ ಬಾಲವನ್ನೋ ತಿರುಗಿಸುತ್ತದೆ. ಎರಡಕ್ಕೂ ಬೇರೆ ಬೇರೆ ಬ್ಯಾಟರಿ ಬೇಕು. ಮೈದಾನದಲ್ಲಿ ನಾಲ್ಕು ಜನ ಸೇರಿದರೆ ವಿಮಾನದೊಳಗಿನ ಬ್ಯಾಟರಿಯ ಗುಣಗಾನ ಗಂಟೆಗಟ್ಟಲೆ ನಡೆಯುತ್ತದೆ. ಕೈಯಲ್ಲಿ ಹಿಡಿದ ಪೆಟ್ಟಿಗೆಯ ಬ್ಯಾಟರಿಯನ್ನು ಕುರಿತು ಯಾರೂ ತುಟಿ ಬಿಚ್ಚುವುದಿಲ್ಲ. ಈಚೆಗೆ ತುಟಿ ಬಿಚ್ಚಿದವರು ಕೂಡ, ‘ವಿಮಾನಕ್ಕೆ ಹಾಕುವ ಲಿಥಿಯಂ ಪಾಲಿಮರ್ ಬ್ಯಾಟರಿಯನ್ನೇ ಇದಕ್ಕೂ ಹಾಕಿಬಿಡಿ, ಕಾಲ ಮುಂದುವರಿದಿದೆ’ ಎಂಬ ಉಪದೇಶಕ್ಕೆ ನಿಂತಿದ್ದಾರೆ. ಈ ಉಪದೇಶ ಸರಿಯಲ್ಲವೆಂಬುದು ನನ್ನ ಅಭಿಪ್ರಾಯ. ಪೆನ್ಸಿಲ್ ಸೆಲ್ಲಿನ ಆಕಾರದ, ಪುನಃ ಪುನಃ ಚಾರ್ಜು ಮಾಡಬಹುದಾದ ನಿಕ್ಕಲ್ ಸೆಲ್ಲೇ ನಮ್ಮಂಥವರ ಪ್ರೇಷಕಕ್ಕೆ ತಕ್ಕುದೆಂದು ವಾದಿಸುವುದಕ್ಕಾಗಿ ಈ ಲೇಖನ.

ಪೂರ್ವವೃತ್ತಾಂತವನ್ನು ಸ್ವಲ್ಪ ನೋಡೋಣ. 1898ರಲ್ಲಿ ನಿಕೋಲಾ ಟೆಸ್ಲಾ ಎಂಬ ವಿಜ್ಞಾನಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ, ತಂತಿಯಿಲ್ಲದೆ ನಡೆಯುವ ಚಿಕ್ಕ ದೋಣಿಯೊಂದನ್ನು ಜನರ ಕಣ್ಣೆದುರಿಗೆ ತೇಲಿಸಿ ತೋರಿಸಿದ. ಅಮೆರಿಕದಲ್ಲಿಯೇ ಗುಡ್ ಎಂಬ ಅಣ್ಣತಮ್ಮಂದಿರು 1937ರಲ್ಲಿ ರೇಡಿಯೊ ಹೇಳಿದಂತೆ ಕೇಳುವ ಮಾದರಿ ವಿಮಾನವನ್ನು ಹಾರಿಸಿದರು. ಅದು ಈಗ ಅಲ್ಲಿನ ವಸ್ತುಸಂಗ್ರಹಾಲಯದಲ್ಲಿದೆ. ಅದು ವಾಲ್ವುಗಳ ಕಾಲ. ವಾಲ್ವಿನ ತಂತಿಯನ್ನು ಕಾಯಿಸಲು ಒಂದು ಬ್ಯಾಟರಿ, ಅದಕ್ಕೆ ಹೆಚ್ಚು ವೋಲ್ಟು ಉಣಿಸಲು ಮತ್ತೊಂದು ದೊಡ್ಡ ಬ್ಯಾಟರಿ. ಇಷ್ಟನ್ನೂ ತುಂಬಿದ ಪ್ರೇಷಕವನ್ನು ಕೈಯಲ್ಲಿ ಹಿಡಿಯುವ ಮಾತೆಲ್ಲಿ? ನೆಲದ ಮೇಲಿಟ್ಟು, ತಂತಿಯ ತುದಿಯ ಗುಂಡಿಯನ್ನು ಮಾತ್ರ ಕೈಯಲ್ಲಿ ಹಿಡಿದು ಒತ್ತುತ್ತಿದ್ದರು. ಟ್ರಾನ್ಸಿಸ್ಟರು ಬಂದ ಮೇಲೆ ಪೆಟ್ಟಿಗೆ ಅಂಗೈಗೆ ಬಂತು, ಬ್ಯಾಟರಿ ಕಿರಿದಾಯಿತು. ಚಾರ್ಜು ಮಾಡಬಹುದಾದ ನಿಕ್ಕಲ್-ಕ್ಯಾಡ್ಮಿಯಂ ಸೆಲ್ಲುಗಳು ಆ ಪೆಟ್ಟಿಗೆಯೊಳಗೆ ಮನೆಮಾಡಿಕೊಂಡು ಹಲವು ದಶಕಗಳ ಕಾಲ ಅಲ್ಲಿಯೇ ನೆಲೆಸಿದವು. ಎಂಟು ಸೆಲ್ಲು, ಒಂದೊಂದಕ್ಕೆ 1.2 ವೋಲ್ಟು, ಒಟ್ಟು 9.6 ವೋಲ್ಟು ಎಂಬುದು ಬಹುಕಾಲ ಪ್ರೇಷಕಗಳ ಕುಲಧರ್ಮವೇ ಆಗಿತ್ತು. ಈಗ ನಮ್ಮ ಹುಡುಗರು ಕೊಳ್ಳುವ ಅಗ್ಗದ ಪೆಟ್ಟಿಗೆಗಳಿಗೆ ನಾಲ್ಕೇ ಪೆನ್ಸಿಲ್ ಸೆಲ್ಲು ಸಾಕು.

ಹಿಂದೆ ಹಾರಿಸುವವರಿಗೆ ಇನ್ನೊಂದು ಭಯವಿತ್ತು. ಪಕ್ಕದವನು ಅದೇ ತರಂಗದ ಪೆಟ್ಟಿಗೆಯನ್ನು ತೆರೆದರೆ ನಮ್ಮ ವಿಮಾನ ಅವನ ಮಾತು ಕೇಳತೊಡಗುತ್ತಿತ್ತು. 2005ರ ಸುಮಾರಿನಿಂದ 2.4 ಗಿಗಾಹರ್ಟ್ಸ್ ಪೆಟ್ಟಿಗೆಗಳು ಬಳಕೆಗೆ ಬಂದು ಆ ಭಯ ಬಹುಮಟ್ಟಿಗೆ ತೀರಿತು. ಆದುದರಿಂದ ಈಗ ನಮ್ಮ ಕೈಗೂ ಮೇಲಿನ ವಿಮಾನಕ್ಕೂ ನಡುವೆ ಇರುವ ಎಳೆ ಕಡಿಯುವುದಾದರೆ, ಅದಕ್ಕೆ ಬ್ಯಾಟರಿಯೇ ಕಾರಣವಾಗುವ ಸಂಭವ ಹೆಚ್ಚು. ಪ್ರೇಷಕ ಮೌನವಾದರೆ ಗ್ರಾಹಕವು ಮೊದಲೇ ಹೇಳಿಕೊಟ್ಟಂತೆ ಮೋಟಾರನ್ನು ನಿಲ್ಲಿಸಬಲ್ಲದು, ಅಷ್ಟೆ. ಎಲ್ಲಿ ಬೀಳಬೇಕೆಂಬುದನ್ನು ಅದು ಆರಿಸಲಾರದು. ಒಂದೂವರೆ ಕಿಲೋ ತೂಕದ ವಿಮಾನ, ಕೆಳಗೆ ನೋಡಲು ಬಂದ ಮಕ್ಕಳು. ಇದಕ್ಕಿಂತ ಹೆಚ್ಚಿಗೆ ನಾನು ವರ್ಣಿಸಬೇಕಾಗಿಲ್ಲ.

ಇನ್ನು ಪ್ರೇಷಕವು ಬ್ಯಾಟರಿಯಿಂದ ಏನನ್ನು ಬೇಡುತ್ತದೆಂಬುದನ್ನು ಲೆಕ್ಕ ಹಾಕೋಣ. ವಾದವೆಲ್ಲ ನಿಂತಿರುವುದು ಇದರ ಮೇಲೆಯೇ. ಹಾರುವ ವಿಮಾನದ ಮೋಟಾರು ಹತ್ತು, ಇಪ್ಪತ್ತು, ಮೂವತ್ತು ಆಂಪೇರುಗಳನ್ನು ಎಳೆಯುತ್ತದೆ. ಹತ್ತು ನಿಮಿಷದೊಳಗೆ ಬ್ಯಾಟರಿಯನ್ನು ಬರಿದು ಮಾಡುತ್ತದೆ. ಅಲ್ಲಿ ಗ್ರಾಂ ಗ್ರಾಂ ತೂಕಕ್ಕೂ ಬೆಲೆಯುಂಟು. ಹಗುರವಾಗಿದ್ದು ಒಮ್ಮೆಗೇ ಬಹಳ ಕರೆಂಟು ಕೊಡಬಲ್ಲ ಲಿಥಿಯಂ ಪಾಲಿಮರ್ ಅಲ್ಲಿ ರಾಜನೆಂಬುದನ್ನು ಯಾರು ಅಲ್ಲಗಳೆಯುತ್ತಾರೆ? ಆದರೆ ಪ್ರೇಷಕ ಎಳೆಯುವುದು ನೂರರಿಂದ ಇನ್ನೂರು ಮಿಲಿ ಆಂಪೇರು ಮಾತ್ರ. 2000 ಮಿಲಿ ಆಂಪೇರ್-ಗಂಟೆಯ ಸೆಲ್ಲನ್ನು 150 ಮಿಲಿ ಆಂಪೇರಿನಂತೆ ಖರ್ಚು ಮಾಡಿದರೆ ಹದಿಮೂರು ಗಂಟೆ ಬರುತ್ತದೆ. ಯಾವ ಭಾನುವಾರವೂ ಅಷ್ಟು ಉದ್ದವಿರುವುದಿಲ್ಲ. ತೂಕದ ಮಾತಂತೂ ಇಲ್ಲಿ ಹಾಸ್ಯಾಸ್ಪದ. ನಾಲ್ಕು ನಿಕ್ಕಲ್ ಸೆಲ್ಲುಗಳು ನೂರು ನೂರಿಪ್ಪತ್ತು ಗ್ರಾಂ ತೂಗಬಹುದು. ಅವನ್ನು ಹೊರುವುದು ನಮ್ಮ ಕೈ, ವಿಮಾನದ ರೆಕ್ಕೆಯಲ್ಲ. ಅಂದಮೇಲೆ ಯಾವ ಎರಡು ಗುಣಗಳಿಗಾಗಿ ಲಿಥಿಯಂ ಪಾಲಿಮರನ್ನು ಹೊಗಳುತ್ತೇವೆಯೋ ಆ ಎರಡೂ ಪ್ರೇಷಕಕ್ಕೆ ಬೇಡದವು. ಒಂದು ಕೊಡ ನೀರು ತರಲು ಪಟ್ಟದಾನೆಯನ್ನು ಕಟ್ಟಿದಂತಾಯಿತು. ಆನೆಯ ಮದವನ್ನು ಮಾತ್ರ ಮನೆಯೊಳಗೆ ಕಟ್ಟಿಕೊಂಡೆವು.

ಮದವೆಂದುದು ಅತಿಶಯೋಕ್ತಿಯಲ್ಲ. ಲಿಥಿಯಂ ಪಾಲಿಮರ್ ಸೆಲ್ಲಿಗೆ ಮೇಲೊಂದು ಗೆರೆ, ಕೆಳಗೊಂದು ಗೆರೆ ಇದೆ. ಒಂದು ಸೆಲ್ಲು 4.2 ವೋಲ್ಟಿಗಿಂತ ಮೇಲೇರಬಾರದು; 3 ವೋಲ್ಟಿಗಿಂತ ಕೆಳಗಿಳಿಯಬಾರದು. ಸುಮ್ಮನಿಡುವಾಗ ಪೂರ್ತಿ ತುಂಬಿಸಿಯೂ ಇಡಬಾರದು, ಬರಿದು ಮಾಡಿಯೂ ಇಡಬಾರದು, 3.8 ವೋಲ್ಟಿನ ಸುಮಾರಿನಲ್ಲಿಡಬೇಕು. ಮೇಲಿನ ಗೆರೆ ದಾಟಿದರೆ ಉಬ್ಬುತ್ತದೆ, ಹೊತ್ತಿಕೊಳ್ಳಲೂಬಹುದು, ಏತಕ್ಕೆಂದರೆ ಅದರೊಳಗಿನ ದ್ರವವೇ ಹೊತ್ತಿಕೊಳ್ಳುವ ಜಾತಿಯದು. ಕೆಳಗಿನ ಗೆರೆ ದಾಟಿದರೆ ಒಳಗಿನ ತಾಮ್ರದ ಹಾಳೆ ಕರಗತೊಡಗುತ್ತದೆ. ಅಂಥ ಸೆಲ್ಲನ್ನು ಪುನಃ ಚಾರ್ಜಿಗೆ ಹಾಕಿದರೆ ಒಳಗೊಳಗೇ ಷಾರ್ಟ್ ಆಗುವ ಅಪಾಯವಿದೆ. ವಿಮಾನದಲ್ಲಾದರೆ ಈ ಕೆಳಗೆರೆಯನ್ನು ಕಾಯಲು ಮೋಟಾರಿನ ನಿಯಂತ್ರಕವಿರುತ್ತದೆ. ವೋಲ್ಟು ಇಳಿದೊಡನೆ ಅದು ಮೋಟಾರನ್ನು ತಡೆಯುತ್ತದೆ. ನಿಕ್ಕಲ್ ಸೆಲ್ಲಿಗೆಂದು ಮಾಡಿದ ಪ್ರೇಷಕದಲ್ಲಿ ಅಂಥ ಕಾವಲುಗಾರನಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಪ್ರೇಷಕವೆಂಬುದು ಸ್ವಿಚ್ಚು ಆರಿಸಲು ಮರೆತು ಬಿಡುವ ವಸ್ತು. ವಿಮಾನ ಇಳಿದ ಮೇಲೆ ಎಲ್ಲರ ಕಣ್ಣೂ ವಿಮಾನದ ಮೇಲಿರುತ್ತದೆ. ಪೆಟ್ಟಿಗೆ ಚೀಲದೊಳಗೆ ಹೋಗುತ್ತದೆ. ಮರುದಿನ ಸಂಜೆ ನೋಡಿದರೆ ದೀಪ ಆರಿರುತ್ತದೆ. ನಿಕ್ಕಲ್ ಸೆಲ್ಲಿಗೆ ಇದರಿಂದ ಆಯುಸ್ಸಿನಲ್ಲಿ ಕೊಂಚ ನಷ್ಟ. ಚಾರ್ಜು ಮಾಡಿದರೆ ಬಹುಶಃ ಎದ್ದು ಕೂರುತ್ತದೆ. ಲಿಥಿಯಂ ಪಾಲಿಮರಿಗೆ ಅದು ಮರಣಶಾಸನ. ಸತ್ತದ್ದನ್ನು ಬದುಕಿಸಲು ಹೊರಡುವ ಜಿಪುಣನಿಗೆ ಮಾತ್ರ ಅದಕ್ಕಿಂತ ಹೆಚ್ಚಿನ ಅಪಾಯ.

ಅಪಾಯದ ಗಂಟೆಯ ಮಾತನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಬ್ಯಾಟರಿ ಮುಗಿಯುತ್ತ ಬಂದಾಗ ಪ್ರೇಷಕವು ಪೀಂ ಪೀಂ ಎಂದು ಕೂಗಿ ಎಚ್ಚರಿಸುತ್ತದಷ್ಟೆ. ನಾಲ್ಕು ಸೆಲ್ಲಿನ ಪೆಟ್ಟಿಗೆಗಳು ಸುಮಾರು 4.2, 4.3 ವೋಲ್ಟಿಗೆ ಕೂಗುತ್ತವೆ. ಸೆಲ್ಲೊಂದಕ್ಕೆ 1.1 ವೋಲ್ಟಿಗಿಂತ ತುಸು ಕಡಮೆ ಎಂದಾಯಿತು. ನಿಕ್ಕಲ್ ಸೆಲ್ಲು ಅಲ್ಲಿಗೆ ಬಂದಾಗ ಇನ್ನೂ ಒಂದು ಗುಟುಕು ಉಳಿದಿರುತ್ತದೆ. ಹಾರುತ್ತಿರುವ ವಿಮಾನವನ್ನು ಗಾಬರಿಯಿಲ್ಲದೆ ಇಳಿಸಿಕೊಳ್ಳಬಹುದು. ಎಂಟು ಸೆಲ್ಲಿನ ಹಳೆಯ ಪೆಟ್ಟಿಗೆಯೊಳಗೆ ಮೂರು ಸೆಲ್ಲಿನ ಲಿಥಿಯಂ ಪಾಲಿಮರನ್ನು ಕೂರಿಸಿದವನ ಗತಿ ನೋಡಿ. ಅವನ ಗಂಟೆ ಬಾರಿಸುವುದು 9 ವೋಲ್ಟಿನ ಆಸುಪಾಸಿನಲ್ಲಿ. ಅಂದರೆ ಸೆಲ್ಲಿಗೆ 3 ವೋಲ್ಟು. ಆ ಹೊತ್ತಿಗೆ ಭಂಡಾರ ಬರಿದಾಗಿದೆ, ಸೆಲ್ಲೂ ಕೆಡುವ ಅಂಚಿಗೆ ಬಂದಿದೆ. ಕಳ್ಳ ಮನೆ ದಾಟಿದ ಮೇಲೆ ಬೊಗಳುವ ನಾಯಿಯಿಂದ ಯಾರಿಗೆ ಉಪಕಾರ? ಇದಲ್ಲದೆ ಪೂರ್ತಿ ತುಂಬಿದ ಮೂರು ಸೆಲ್ಲು 12.6 ವೋಲ್ಟಾಗುತ್ತದೆ, 9.6ಕ್ಕೆಂದು ಕಟ್ಟಿದ ಪೆಟ್ಟಿಗೆಯ ಒಳಗಿನ ವೋಲ್ಟು ನಿಯಂತ್ರಕವು ಹೆಚ್ಚುವರಿಯನ್ನೆಲ್ಲ ಶಾಖವಾಗಿ ಕಕ್ಕಬೇಕು. ಎಲ್ಲ ಪೆಟ್ಟಿಗೆಗಳೂ ಅದನ್ನು ತಾಳಲಾರವು. ಗಂಟೆಯ ವೋಲ್ಟನ್ನು ನಮಗೆ ಬೇಕಾದಂತೆ ಇಟ್ಟುಕೊಳ್ಳುವ ಸೌಕರ್ಯವುಳ್ಳ ಹೊಸ ಪೆಟ್ಟಿಗೆಗಳ ವಿಷಯದಲ್ಲಿ ನನ್ನ ಈ ಆಕ್ಷೇಪಣೆ ಅರ್ಧ ಬಿದ್ದುಹೋಗುತ್ತದೆಂಬುದನ್ನು ಪ್ರಾಮಾಣಿಕವಾಗಿ ಒಪ್ಪಬೇಕು. ಅರ್ಧ ಮಾತ್ರ, ಇಡುವವನು ಇಟ್ಟರೆ ತಾನೆ?

ಎರಡು ಸೆಲ್ಲಿನ ಲಿಥಿಯಂ-ಅಯಾನಿಗೆಂದೇ ತಯಾರಾದ ಪೆಟ್ಟಿಗೆಗಳು ಈಗ ಅಂಗಡಿಗಳಲ್ಲಿವೆ. 18650 ಎಂಬ ದಪ್ಪ ಸೆಲ್ಲುಗಳು ಅದರಲ್ಲಿ ಕೂರುತ್ತವೆ. 1991ರಲ್ಲಿ ಸೋನಿ ಕಂಪೆನಿ ಮಾರುಕಟ್ಟೆಗೆ ತಂದ ಈ ಬಗೆಯ ಬ್ಯಾಟರಿಯ ಹಿಂದೆ ದುಡಿದ ಮೂವರಿಗೆ 2019ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ಸಂದಿತು. ತಯಾರಕನೇ ಅದಕ್ಕೆಂದು ಕಟ್ಟಿ, ಚಾರ್ಜಿನ ವ್ಯವಸ್ಥೆಯನ್ನೂ ಗಂಟೆಯನ್ನೂ ಅದಕ್ಕೆ ಹೊಂದಿಸಿಕೊಟ್ಟಿದ್ದರೆ, ಅದನ್ನೇ ಹಾಕತಕ್ಕದ್ದು. ನನ್ನ ಜಗಳ ಲಿಥಿಯಮ್ಮಿನ ಸಂಗಡವಲ್ಲ; ನಿಕ್ಕಲ್ಲಿನ ಗೂಡಿನಲ್ಲಿ ಲಿಥಿಯಮ್ಮನ್ನು ತುರುಕುವ ನಮ್ಮ ಆತುರದ ಸಂಗಡ.

ಲಿಥಿಯಮ್ಮಿನ ವಂಶದಲ್ಲಿ ಸಾಧುವಾದ ಕುಡಿಯೊಂದಿದೆ, ಅದನ್ನು ಹೆಸರಿಸದೆ ಹೋದರೆ ಅನ್ಯಾಯವಾದೀತು: ಲಿಥಿಯಂ ಕಬ್ಬಿಣ ಫಾಸ್ಫೇಟು. ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾನಿಲಯದಲ್ಲಿ ನಡೆದ ಸಂಶೋಧನೆಯ ಫಲ ಅದು. 1997ರಲ್ಲಿ ಪ್ರಕಟವಾದ ಆ ಪ್ರಸಿದ್ಧ ಪ್ರಬಂಧದ ಮೇಲೆ ಮೂರು ಹೆಸರುಗಳಿವೆ: ಪಾಧಿ, ನಂಜುಂಡಸ್ವಾಮಿ, ಗುಡ್‌ಇನಫ್. ನಡುವಣ ಹೆಸರು ನಮ್ಮ ಕಿವಿಗೆ ಎಷ್ಟು ಹಿತವಾಗಿದೆ! ಇದರ ಸೆಲ್ಲು 3.2, 3.3 ವೋಲ್ಟಿನದಾದುದರಿಂದ ಮೂರು ಕೂಡಿದರೆ 9.9, ಹಳೆಯ 9.6 ವೋಲ್ಟಿನ ಪೆಟ್ಟಿಗೆಗೆ ಹೇಳಿ ಮಾಡಿಸಿದಂತಿದೆ. ಬೇಗ ಹೊತ್ತಿಕೊಳ್ಳುವ ಜಾತಿಯೂ ಅಲ್ಲ. ಆದರೆ ಇದು ಕೊನೆಯವರೆಗೂ ವೋಲ್ಟನ್ನು ಇಳಿಸದೆ ನೆಟ್ಟಗೆ ನಡೆದು ಥಟ್ಟನೆ ಕುಸಿಯುವ ಸ್ವಭಾವದ್ದು. ಮುಳ್ಳನ್ನು ನೋಡಿ ಉಳಿದುದೆಷ್ಟೆಂದು ತಿಳಿಯಲಾಗದು. ಇದರ ಚಾರ್ಜರಿನಲ್ಲಿ ಸೆಲ್ಲಿನ ಜಾತಿಯನ್ನು ಆರಿಸುವಾಗ ಒಂದು ಗುಂಡಿ ತಪ್ಪಿದರೂ ಕೆಲಸ ಕೆಡುತ್ತದೆ. ಎಂಟು ಸೆಲ್ಲಿನ ಒಳ್ಳೆಯ ಹಳೆಯ ಪೆಟ್ಟಿಗೆಯುಳ್ಳ, ತಾಳ್ಮೆಯೂ ತಿಳಿವಳಿಕೆಯೂ ಉಳ್ಳವರು ಇದನ್ನು ಬಳಸಲಿ. ಹೊಸಬರಿಗೆ ನಾನು ಹೇಳಲಾರೆ.

ನಮ್ಮ ಹುಡುಗರನ್ನು ಈಗ ಹೆಚ್ಚು ಮರುಳುಗೊಳಿಸಿರುವುದು ಬೇರೊಂದು: ಪೆನ್ಸಿಲ್ ಸೆಲ್ಲಿನ ವೇಷ ಹಾಕಿಕೊಂಡ ಲಿಥಿಯಂ ಸೆಲ್ಲು. ಇದರಲ್ಲಿ ಎರಡು ಬಗೆ. ಮೊದಲನೆಯದರ ಹೆಸರು 14500. ಅಳತೆಯಲ್ಲಿ ಪೆನ್ಸಿಲ್ ಸೆಲ್ಲಿನ ಅವಳಿ, ವೋಲ್ಟಿನಲ್ಲಿ ಮಾತ್ರ 3.7. ತಿಳಿಯದೆ ನಾಲ್ಕನ್ನು ಗೂಡಿಗೆ ಹಾಕಿ ಸ್ವಿಚ್ಚು ಒತ್ತಿದರೆ, ಆರು ವೋಲ್ಟು ನಿರೀಕ್ಷಿಸಿದ್ದ ಪೆಟ್ಟಿಗೆಗೆ ಹದಿನಾರೂ ಮುಕ್ಕಾಲು ವೋಲ್ಟು ಹೊಡೆಯುತ್ತದೆ. ಅಲ್ಲಿಗೆ ಪೆಟ್ಟಿಗೆಯ ಕಥೆ ಮುಗಿಯಿತು. ಎರಡನೆಯದು ಹೆಚ್ಚು ನಾಜೂಕಿನ ಮೋಸ. ಒಳಗೆ ಲಿಥಿಯಂ ಸೆಲ್ಲು, ಅದರ ನೆತ್ತಿಯ ಮೇಲೆ ವೋಲ್ಟನ್ನು 1.5ಕ್ಕೆ ಇಳಿಸುವ ಪುಟ್ಟ ಯಂತ್ರ, ಮೊಬೈಲಿನ ತಂತಿಯಿಂದಲೇ ಚಾರ್ಜು ಮಾಡುವ ಅನುಕೂಲ. ಗಡಿಯಾರಕ್ಕೂ ಟಾರ್ಚಿಗೂ ಇದು ಬಹಳ ಚೆನ್ನು. ಆದರೆ ಅದು ಮೊದಲಿನಿಂದ ಕೊನೆಯ ಕ್ಷಣದವರೆಗೂ 1.5 ವೋಲ್ಟನ್ನೇ ತೋರಿಸಿ, ಒಳಗೆ ಮುಗಿದೊಡನೆ ಬಾಗಿಲು ಹಾಕಿಕೊಳ್ಳುತ್ತದೆ. ಪ್ರೇಷಕವು ವೋಲ್ಟನ್ನು ನೋಡಿಯಲ್ಲವೆ ಕೂಗಬೇಕಾದುದು? ಕೂಗುವ ಅವಕಾಶವೇ ಅದಕ್ಕೆ ಬರುವುದಿಲ್ಲ. ಪೂರ್ತಿ ತುಂಬಿದೆಯೆಂಬ ಭ್ರಮೆಯಲ್ಲಿ ವಿಮಾನ ಏರಿಸಿದವನಿಗೆ ಮುಂದಿನ ಕ್ಷಣದಲ್ಲಿ ಕೈಯಲ್ಲಿ ಬರಿಯ ಪ್ಲಾಸ್ಟಿಕ್ ಡಬ್ಬಿ ಉಳಿಯುತ್ತದೆ. ಅನುಕೂಲವೆಂದು ಕೊಂಡದ್ದು ಇಲ್ಲಿ ಎಚ್ಚರಿಕೆಯನ್ನೇ ಕಿತ್ತುಕೊಂಡಿತು. ಈ ಸೆಲ್ಲನ್ನು ಪ್ರೇಷಕಕ್ಕೆ ಹಾಕಲೇಕೂಡದು. ಈ ಒಂದು ಮಾತಿನಲ್ಲಿ ನಾನು ಯಾವ ರಾಜಿಗೂ ಸಿದ್ಧನಿಲ್ಲ.

ಹಾಗಾದರೆ ಬಳಸಿ ಬಿಸಾಡುವ ಸೆಲ್ಲುಗಳೇ ಸಾಕಲ್ಲವೆ ಎಂದು ಕೇಳುವವರುಂಟು. ಕಿರಾಣಿ ಅಂಗಡಿಯ ಅಗ್ಗದ ಸತುವಿನ ಸೆಲ್ಲು ಗೋಡೆ ಗಡಿಯಾರಕ್ಕೆ ಲಾಯಕ್ಕು, ಇದಕ್ಕಲ್ಲ. ಆಲ್ಕಲೈನ್ ಸೆಲ್ಲು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಅವಸರಕ್ಕೆ ಒಂದು ಜೊತೆ ಚೀಲದಲ್ಲಿರಲಿ. ಆದರೆ ಅದರ ವೋಲ್ಟು ಮೊದಲ ದಿನದಿಂದಲೇ ಇಳಿಜಾರಿನಲ್ಲಿ ಇಳಿಯುತ್ತ ಹೋಗುವುದರಿಂದ, ಇನ್ನೂ ಜೀವವಿರುವಾಗಲೇ ಗಂಟೆ ಕೂಗಿ ನಾವು ಅದನ್ನು ಎಸೆಯುತ್ತೇವೆ. ಒಂದು ಕಂತು ಒಳ್ಳೆಯ ನಿಕ್ಕಲ್ ಸೆಲ್ಲಿನ ಬೆಲೆಗೆ ಏಳೆಂಟು ಕಂತು ಆಲ್ಕಲೈನ್ ಬರಬಹುದು. ನಿಕ್ಕಲ್ಲು ನೂರಾರು ಸಲ ತುಂಬಿಕೊಳ್ಳುತ್ತದೆ. ಅರ್ಥಶಾಸ್ತ್ರದ ವಿದ್ಯಾರ್ಥಿಗಳಿಗೆ ಮುಂದಿನ ಲೆಕ್ಕವನ್ನು ಹೇಳಿಕೊಡುವ ಉದ್ಧಟತನ ನನಗಿಲ್ಲ.

ಇಲ್ಲಿ ಸಾಮಾನ್ಯವಾದೊಂದು ಸಂದೇಹ: ‘ನಿಕ್ಕಲ್ಲಿನದು 1.2 ವೋಲ್ಟು, ಆಲ್ಕಲೈನಿನದು 1.5, ಕಡಮೆಯದು ದುರ್ಬಲವಲ್ಲವೆ?’ ನೋಡಲು ಸರಿಯಾದ ಪ್ರಶ್ನೆ. ಆದರೆ ಆಲ್ಕಲೈನ್ ಸೆಲ್ಲು 1.5 ಇರುವುದು ಪ್ರಾರಂಭದಲ್ಲಿ ಮಾತ್ರ. ಅರ್ಧ ಆಯುಸ್ಸು ಕಳೆಯುವಷ್ಟರಲ್ಲಿ ಅದೂ 1.2ಕ್ಕೆ ಬಂದು ಇನ್ನೂ ಇಳಿಯುತ್ತದೆ. ನಿಕ್ಕಲ್ಲು ಆ 1.2ರ ಸುತ್ತಲೇ ಬಹುದೂರ ಸಮನಾಗಿ ನಡೆಯುತ್ತದೆ. ಗೃಹಪ್ರವೇಶದ ದಿನ ಹೋಳಿಗೆ ಹಾಕಿ ಆಮೇಲೆ ಗಂಜಿಗಿಳಿಯುವ ಮನೆಗಿಂತ ದಿನವೂ ಅನ್ನ ಸಾರು ಬಡಿಸುವ ಮನೆ ಲೇಸು.

ನಿಕ್ಕಲ್ಲಿನಲ್ಲಿಯೂ ಹಳೆಯದು, ಹೊಸದು ಎಂಬ ಭೇದವುಂಟು. ಹಳೆಯ ನಿಕ್ಕಲ್-ಕ್ಯಾಡ್ಮಿಯಮ್ಮನ್ನು 1899ರಲ್ಲಿ ಸ್ವೀಡನ್ನಿನ ಯುಂಗ್ನರ್ ಕಂಡುಹಿಡಿದ. ಗಟ್ಟಿಮುಟ್ಟಾದದ್ದು, ಒರಟು ಬಳಕೆಯನ್ನು ತಾಳುವಂಥದು. ಆದರೆ ಅದಕ್ಕೊಂದು ವಿಚಿತ್ರ ದೋಷ ಹೇಳುತ್ತಾರೆ: ಪ್ರತಿಸಲವೂ ಅರ್ಧಕ್ಕೇ ಬಳಸಿ ತುಂಬುತ್ತಿದ್ದರೆ, ಆ ಅರ್ಧವನ್ನೇ ನೆನಪಿಟ್ಟುಕೊಂಡು ಮುಂದೆ ಅಷ್ಟೇ ಕೊಡುತ್ತದೆ. ಪರೀಕ್ಷೆಯ ಹಿಂದಿನ ರಾತ್ರಿ ನಮಗೆ ಬಾರದ ನೆನಪು ಲೋಹಕ್ಕೆ ಬರುವುದು ಆಶ್ಚರ್ಯವೇ ಸರಿ. ಅದಕ್ಕಿಂತ ದೊಡ್ಡ ದೋಷ ಕ್ಯಾಡ್ಮಿಯಮ್ಮಿನ ವಿಷ. ಜಪಾನಿನ ಜಿನ್‌ಜು ನದೀತೀರದಲ್ಲಿ ಗಣಿಯಿಂದ ಹರಿದ ಕ್ಯಾಡ್ಮಿಯಂ ಗದ್ದೆಗೆ ಸೇರಿ, ಅಕ್ಕಿಯ ಮೂಲಕ ಜನರ ಮೂಳೆಗಳನ್ನು ಮುರಿಸಿ ‘ಇತಾಯಿ-ಇತಾಯಿ’ ಎಂದು ನರಳಿಸಿತು. ಇದು ಮಾಲಿನ್ಯದಿಂದ ಬಂದ ರೋಗವೆಂದು ಅಲ್ಲಿನ ಸರ್ಕಾರ 1968ರಲ್ಲಿ ಒಪ್ಪಿತು. ಯೂರೋಪಿನ ಒಕ್ಕೂಟ 2006ರ ಕಾನೂನಿನಿಂದ ಸಾಮಾನ್ಯ ಬಳಕೆಯ ಚಿಕ್ಕ ಬ್ಯಾಟರಿಗಳಲ್ಲಿ ಈ ಲೋಹವನ್ನು ಬಹುಮಟ್ಟಿಗೆ ನಿಷೇಧಿಸಿತು. ಹಳೆಯ ಪೆಟ್ಟಿಗೆಯೊಳಗೆ ಇನ್ನೂ ಇದು ಕುಳಿತಿದ್ದರೆ ತೆಗೆದು ಬೇರೆ ಹಾಕುವುದು ಮೇಲು.

ಕ್ಯಾಡ್ಮಿಯಮ್ಮಿನ ಸ್ಥಾನಕ್ಕೆ ಜಲಜನಕವನ್ನು ಹೀರಿಕೊಳ್ಳುವ ಮಿಶ್ರಲೋಹ ಬಂದು, ನಿಕ್ಕಲ್-ಮೆಟಲ್ ಹೈಡ್ರೈಡು 1990ರ ಸುಮಾರಿಗೆ ಪೇಟೆಗಿಳಿಯಿತು. ವಿಷ ಹೋಯಿತು, ಧಾರಣಶಕ್ತಿ ಹೆಚ್ಚಿತು. ಆದರೆ ಒಂದು ಚಾಳಿ ಉಳಿಯಿತು: ತುಂಬಿಸಿಟ್ಟರೆ ಸುಮ್ಮನೆ ಕುಳಿತಲ್ಲಿಯೇ ಸೋರಿಹೋಗುವುದು. ತಿಂಗಳೊಪ್ಪತ್ತಿನಲ್ಲಿ ಕಾಲುಭಾಗವೇ ಮಾಯವಾಗುತ್ತಿತ್ತು. ಶನಿವಾರ ರಾತ್ರಿ ನೆನಪಿಟ್ಟು ತುಂಬಿಸದಿದ್ದರೆ ಭಾನುವಾರ ಮೈದಾನಕ್ಕೆ ಹೋಗಿ ಫಲವಿಲ್ಲ. 2005ರ ನವೆಂಬರಿನಲ್ಲಿ ಜಪಾನಿನ ಸಾನ್ಯೋ ಕಂಪೆನಿ ‘ಎನೆಲೂಪ್’ ಎಂಬ ಸೆಲ್ಲನ್ನು ಹೊರತಂದು ಈ ಸೋರಿಕೆಗೆ ಬೆಣೆ ಹೊಡೆಯಿತು. ಮೊದಲ ಎನೆಲೂಪುಗಳಲ್ಲಿಯೇ ಒಂದು ವರ್ಷ ಇಟ್ಟರೂ ನೂರಕ್ಕೆ ಎಂಬತ್ತೈದು ಉಳಿಯುತ್ತದೆಂಬುದು ತಯಾರಕರ ಭರವಸೆಯಾಗಿತ್ತು. ಅನಂತರ ಇತರ ಕಂಪೆನಿಗಳೂ ಇಂಥವನ್ನು ತಂದವು. ಹೊಟ್ಟೆ ಕೊಂಚ ಚಿಕ್ಕದು. 2500 ಇದ್ದಲ್ಲಿ 2000. ಪ್ರೇಷಕಕ್ಕೆ ಅದು ಲೆಕ್ಕಕ್ಕಿಲ್ಲವೆಂದು ಆಗಲೇ ನೋಡಿದೆವು. ಅಂಗಡಿಯಲ್ಲಿ 2700, 2800 ಎಂಬ ದೊಡ್ಡ ಅಂಕೆಗಳಿಗೆ ಮರುಳಾಗದೆ, ‘ಮೊದಲೇ ಚಾರ್ಜು ಮಾಡಿದ್ದು’ ಎಂದು ಹೊದಿಕೆಯ ಮೇಲೆ ಅಚ್ಚಾಗಿರುವ ಸಣ್ಣ ಅಂಕೆಯ ಸೆಲ್ಲನ್ನು ಕೇಳಿ ಕೊಳ್ಳತಕ್ಕದ್ದು. ಚಾರ್ಜು ನಿಲ್ಲುವ ಗುಣವುಳ್ಳ ಸೆಲ್ಲನ್ನು ಮಾತ್ರ ಹಾಗೆ ತುಂಬಿಸಿ ಮಾರಲು ಸಾಧ್ಯ. ಹಿತ್ತಿಲ ಗಿಡ ಮದ್ದಲ್ಲವೆಂಬಂತೆ, ಮನೆಯ ಟಿ.ವಿ. ರಿಮೋಟಿಗೂ ಆಗುವ ಈ ಸಾಧಾರಣ ಸೆಲ್ಲಿನ ಮೇಲೆ ನಮ್ಮವರಿಗೆ ಗೌರವ ಹುಟ್ಟುವುದಿಲ್ಲ. ಗೌರವ ಬೇಡ, ಉಪಯೋಗಿಸಿದರೆ ಸಾಕು.

ಉಪಯೋಗಿಸುವ ಕ್ರಮವನ್ನು ಕುರಿತು ಕೆಲವು ಮಾತು ಅವಶ್ಯ. ಒಳ್ಳೆಯ ಸೆಲ್ಲು ಕೊಂಡು ಕೆಟ್ಟ ಚಾರ್ಜರಿಗೆ ಕೊಡುವುದು ಮಗಳನ್ನು ಕಂಡು ಕಂಡು ಬಾವಿಗೆ ನೂಕಿದಂತೆ. ಅಗ್ಗದ ಚಾರ್ಜರುಗಳು ಎರಡೆರಡು ಸೆಲ್ಲನ್ನು ಜೋಡಿಯಾಗಿ ತುಂಬುತ್ತವೆ, ಎಷ್ಟು ತುಂಬಿತೆಂದು ನೋಡುವುದಿಲ್ಲ, ನಿಲ್ಲಿಸುವುದೂ ಇಲ್ಲ. ಸೆಲ್ಲು ಕುದಿದು ಸೊರಗುತ್ತದೆ. ಒಂದೊಂದು ಸೆಲ್ಲನ್ನೂ ಬೇರೆಬೇರೆಯಾಗಿ ಗಮನಿಸಿ, ತುಂಬಿದೊಡನೆ ಅದರ ವೋಲ್ಟು ಕೊಂಚ ಹಿಂದೆ ಬೀಳುವ ಗುರುತನ್ನು ಹಿಡಿದು ತಾನಾಗಿ ನಿಲ್ಲುವ ಚಾರ್ಜರು ಬೇಕು. ನಾಲ್ಕು ಜನ ಸೇರಿ ಒಂದನ್ನು ಕೊಂಡರೂ ಆಗುತ್ತದೆ. ಹೊಸ ಸೆಲ್ಲನ್ನೂ ಹಳೆಯದನ್ನೂ ಒಂದೇ ಗೂಡಿನಲ್ಲಿ ಬೆರೆಸಬಾರದು. ದುರ್ಬಲವಾದುದು ಮೊದಲು ಬರಿದಾಗಿ, ಉಳಿದ ಮೂರು ಅದನ್ನು ತಲೆಕೆಳಗು ಮಾಡಿ ಕೆಡಿಸುತ್ತವೆ. ಕೊಂಡ ತಿಂಗಳನ್ನು ಪ್ರತಿ ಸೆಲ್ಲಿನ ಮೇಲೆ ಬರೆದು ನಾಲ್ಕನ್ನು ಒಂದೇ ಕುಟುಂಬವಾಗಿ ಇಡಿ.

ನಿಕ್ಕಲ್ಲಿನ ಪಕ್ಷದವನಾದರೂ ಅದರ ಒಂದು ದೌರ್ಬಲ್ಯವನ್ನು ಮುಚ್ಚಿಡಲಾರೆ. ಅದು ಸೆಲ್ಲಿನದಲ್ಲ, ಗೂಡಿನದು. ನಾಲ್ಕು ಬಿಡಿ ಸೆಲ್ಲೆಂದರೆ ನಾಲ್ಕು ಸ್ಪ್ರಿಂಗು, ಎಂಟು ಕಡೆ ಬರಿಯ ಮುಟ್ಟಿನಿಂದ ಆಗುವ ಸಂಪರ್ಕ. ಕರಾವಳಿಯ ಉಪ್ಪು ಗಾಳಿಯಲ್ಲಾಗಲಿ, ಮಲೆನಾಡಿನ ಮಳೆಗಾಲದಲ್ಲಾಗಲಿ ಈ ಸ್ಪ್ರಿಂಗುಗಳಿಗೆ ಕಿಲುಬು ಹಿಡಿಯಲು ಹೆಚ್ಚು ದಿನ ಬೇಡ. ಪೆಟ್ಟಿಗೆಯನ್ನು ಅಲುಗಿಸಿದಾಗ ಒಂದು ಸೆಲ್ಲು ಅರೆಕ್ಷಣ ಬಿಟ್ಟರೆ ಇಡೀ ಪೆಟ್ಟಿಗೆ ಆರಿ ಹತ್ತುತ್ತದೆ. ಒಣ ಬಟ್ಟೆಯಿಂದ ತಿಂಗಳಿಗೊಮ್ಮೆ ಒರೆಸುವುದು, ಸಡಿಲವಾದ ಸ್ಪ್ರಿಂಗನ್ನು ಎಳೆದು ಬಿಗಿ ಮಾಡುವುದು, ಹಾರಿಸುವ ಮೊದಲು ಅಂಗೈಯಿಂದ ಪೆಟ್ಟಿಗೆಯ ಬೆನ್ನು ತಟ್ಟಿ ನೋಡುವುದು, ಇವು ಅಭ್ಯಾಸವಾಗಬೇಕು. ನಾಲ್ಕು ಸೆಲ್ಲನ್ನು ಪಟ್ಟಿಯಿಂದ ಬೆಸೆದು ತಂತಿ ಹೊರತೆಗೆದ ಕಟ್ಟುಗಳೂ ಸಿಗುತ್ತವೆ. ಪೆಟ್ಟಿಗೆಯಲ್ಲಿ ಅದಕ್ಕೆ ಎಡೆಯಿದ್ದರೆ ಅದೇ ಉತ್ತಮ. ಬಿಡಿ ಸೆಲ್ಲಿಗೆ ತಾವೇ ಬೆಸುಗೆ ಹಾಕಲು ಹೋಗಬೇಡಿ, ಬಿಸಿಗೆ ಸೆಲ್ಲು ಕೆಡುತ್ತದೆ.

ಹಳೆಯ ಪೆಟ್ಟಿಗೆಯನ್ನು ಕೊಂಡವರಿಗೆ ಮತ್ತೊಂದು ಸೂಚನೆ. ಪೆಟ್ಟಿಗೆಯ ಪಕ್ಕದಲ್ಲಿ ಚಾರ್ಜಿನ ತೂತು ಇರುತ್ತದಷ್ಟೆ. ಫುಟಾಬಾ ಪೆಟ್ಟಿಗೆಗಳಲ್ಲಿ ತೂತಿನ ನಡುವಣ ಕಡ್ಡಿ ಧನ, ಜೆ.ಆರ್. ಪೆಟ್ಟಿಗೆಗಳಲ್ಲಿ ಅದೇ ಕಡ್ಡಿ ಋಣ. ಎರಡೂ ಜಪಾನಿನವೇ, ಎರಡೂ ಹೆಸರಾಂತವೇ. ಇಷ್ಟು ಚಿಕ್ಕ ವಿಷಯದಲ್ಲಿ ಒಮ್ಮತಕ್ಕೆ ಬರಲಿಲ್ಲ. ಒಬ್ಬರ ಚಾರ್ಜರನ್ನು ಇನ್ನೊಬ್ಬರು ಎರವಲು ತರುವ ಮೊದಲು ಮೀಟರು ಹಿಡಿದು ನೋಡುವುದು ಕ್ಷೇಮ.

ಇನ್ನು ವಿದ್ಯಾರ್ಥಿನಿಲಯದ ಮಾತು. ಈ ಲೇಖನವನ್ನು ಬರೆಯಲು ನನ್ನನ್ನು ಹೆಚ್ಚಾಗಿ ಪ್ರೇರೇಪಿಸಿದ್ದು ಅದೇ. ನಮ್ಮ ಕೋಣೆಗಳಲ್ಲಿ ಮೂವರು ನಾಲ್ವರು ಮಲಗುತ್ತೇವೆ. ಹತ್ತಿಯ ಹಾಸಿಗೆ, ಹಗ್ಗದ ಮೇಲೆ ಬಟ್ಟೆ, ಮೂಲೆಯಲ್ಲಿ ದಿನಪತ್ರಿಕೆಗಳ ರಾಶಿ, ಇಡೀ ಕೋಣೆಗೆ ಒಂದೇ ಪ್ಲಗ್ಗು; ಆ ಪ್ಲಗ್ಗು ಬಹುವಾಗಿ ಮಂಚದ ತಲೆದೆಸೆಯಲ್ಲಿ. ಲಿಥಿಯಂ ಪಾಲಿಮರನ್ನು ಚಾರ್ಜಿಗೆ ಹಾಕಿದ ಮೇಲೆ ಅದರ ಪಕ್ಕದಲ್ಲಿ ಎಚ್ಚರವಾಗಿ ಕುಳಿತಿರಬೇಕು, ಸುಡುವ ವಸ್ತುಗಳಿಂದ ದೂರ ಇಡಬೇಕು ಎಂಬುದು ಅದರ ಹೊದಿಕೆಯ ಮೇಲೆಯೇ ಬರೆದಿರುವ ನಿಯಮ. ಹಾಗಿದ್ದೂ ರಾತ್ರಿ ಹತ್ತಕ್ಕೆ ಚಾರ್ಜಿಗೆ ಹಾಕಿ, ಬೆಳಗಿನ ಹಾರಾಟದ ಕನಸು ಕಾಣುತ್ತ ನಿದ್ರಿಸುವವರು ನಮ್ಮಲ್ಲಿ ಇಲ್ಲವೆಂದು ಯಾರಾದರೂ ಎದೆ ಮುಟ್ಟಿ ಹೇಳಲಿ. ವಿಮಾನಕ್ಕೆ ಅದು ಬೇಕೇ ಬೇಕು; ಅದನ್ನು ತಪ್ಪಿಸಲಾಗದು. ಅದನ್ನು ಹಗಲಿನಲ್ಲಿ ವರಾಂಡದ ಕಲ್ಲಿನ ನೆಲದ ಮೇಲೆ ಎದುರಿಗಿಟ್ಟುಕೊಂಡು ತುಂಬಿಸಬಹುದು. ಪ್ರೇಷಕಕ್ಕೂ ಅದನ್ನೇ ಹಾಕಿ ಅಪಾಯವನ್ನು ಇಮ್ಮಡಿಸುವ ಅಗತ್ಯ ಎಲ್ಲಿದೆ? ನಿಕ್ಕಲ್ ಸೆಲ್ಲಿನೊಳಗಿರುವುದು ನೀರಿನ ದ್ರಾವಣ. ಹೆಚ್ಚು ತುಂಬಿದರೆ ಬಿಸಿಯಾಗುತ್ತದೆ, ಕೆಡುತ್ತದೆ, ಅನಿಲ ಬಿಡುತ್ತದೆ. ಪಕ್ಕದಲ್ಲಿ ಮಲಗಿದವನ ಹೊದಿಕೆಗೆ ಬೆಂಕಿ ಹಚ್ಚಲು ಹೊರಡುವ ಜಾತಿಯಲ್ಲ.

ಸತ್ತ ಸೆಲ್ಲುಗಳ ಗತಿಯೇನೆಂಬುದೊಂದು ಉಳಿದಿದೆ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣೆಯ ನಿಯಮಗಳ ಪ್ರಕಾರ ಬಳಸುವವನು ಇವನ್ನು ಮನೆಯ ಕಸದೊಡನೆ ಸೇರಿಸದೆ ಬೇರೆಯಾಗಿಟ್ಟು, ಸಂಗ್ರಹಿಸುವವರಿಗೆ ಒಪ್ಪಿಸಬೇಕು. ಮುಂದಿನ ಹೊಣೆ ತಯಾರಕರದು. ನಿಲಯದ ಹಿಂದಿನ ಗುಂಡಿ ಸಂಗ್ರಹಿಸುವವರ ಪಟ್ಟಿಯಲ್ಲಿಲ್ಲ. ಅಧ್ಯಾಪಕರು ಅನುಮತಿ ಕೊಟ್ಟರೆ ವಾಚನಾಲಯದ ಬಾಗಿಲ ಬಳಿ ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬವೊಂದನ್ನು ಇಡೋಣ. ಸೆಲ್ಲಿನ ಎರಡು ತುದಿಗೂ ಒಂದು ತುಂಡು ಟೇಪು ಅಂಟಿಸಿ ಅದರಲ್ಲಿ ಹಾಕುವುದು. ಉಬ್ಬಿದ ಲಿಥಿಯಂ ಇದ್ದರೆ ಡಬ್ಬಕ್ಕೆ ಹಾಕದೆ ಬೇರೆಯಾಗಿ ಮರಳಿನ ಬಾನಿಯಲ್ಲಿಡುವುದು. ಮರಳನ್ನೂ ಬಾನಿಯನ್ನೂ ನಾನು ಒದಗಿಸುತ್ತೇನೆ. ಡಬ್ಬ ಮಾತ್ರ ಕಾಲೇಜಿನದಾಗಬೇಕು.